ಶನಿವಾರದ ಪಾಠ

ಜಯನಗರ
13-9-1963, ಶುಕ್ರವಾರ

ಚಿ. ಸೌ. ಕಾತ್ಯಾಯಿನಿಗೆ ಅಕ್ಕನ ಆಶೀರ್ವಾದ.

ಈಗ ಸಂಜೆ ನಾಲ್ಕು ಗಂಟೆ. ನಿನ್ನ ಭಾವನ ಮೂರನೆಯ ತಿಂಗಳ ಮಾಸಿಕ ಇವತ್ತು ಮುಗಿಯಿತು. ಊಟಕ್ಕೆ ಬಂದವರು ಹೊರಟರು. ಎಲೆ ಎತ್ತಿ, ನೆಲ ಸಾರಿಸಿ ಕೂತಿದ್ದೇನೆ.

ಅವರ ವಿಭಾಗದ ಮುಖ್ಯಸ್ಥರು ಅನಂತಪದ್ಮನಾಭ ಅವರೂ ಬಂದಿದ್ದರು. ಎರಡು ವರ್ಷದ ಹಿಂದೆ ವಿಶ್ವವಿದ್ಯಾಲಯಕ್ಕೆ ಬಂದವರೇ ಶನಿವಾರದ ಪಾಠ ಶುರುಮಾಡಿದರು. ಪ್ರೊಫೆಸರಾಗಲಿ ಜವಾನನಾಗಲಿ, ವಾರಕ್ಕೊಬ್ಬರು ತಮಗೆ ಗೊತ್ತಿರುವುದನ್ನು ಉಳಿದವರಿಗೆ ಹೇಳಿಕೊಡಬೇಕು. ಮೊದಲ ವಾರ ತಾವೇ ನಿಂತು, ತಾವು ಕೆಡಿಸಿದ ಪ್ರಯೋಗಗಳನ್ನೆಲ್ಲ ಹೇಳಿ ನಗಿಸಿದರಂತೆ.

ಇಪ್ಪತ್ತಾರು ವರ್ಷ ಅಲ್ಲಿ ಗಾಜು ಊದಿ ಉಪಕರಣ ಮಾಡಿಕೊಟ್ಟ ನಿನ್ನ ಭಾವ ಮಾತ್ರ ಒಪ್ಪಲಿಲ್ಲ. ಮುಖ್ಯಸ್ಥರು ನಮ್ಮ ಮನೆಗೇ ಬಂದರು. ಉಪ್ಪಿಟ್ಟು ಎರಡನೇ ಸಲ ಹಾಕಿಸಿಕೊಂಡು, "ನೀವಾದ್ರೂ ಹೇಳ್ರಮ್ಮಾ, ವಿದ್ಯೆ ಬಚ್ಚಿಟ್ಕೋಬಾರ್ದು" ಎಂದರು. ನನಗೆ ಹಿಗ್ಗು. ಅವರು ಹೋದ ಮೇಲೆ ಇವರು, "ಎಲ್ಲಾ ಕಲ್ತ್ಮೇಲೆ ನನ್ನ ಯಾಕೆ ಇಟ್ಕೋತಾರೆ, ಚೂಡಾ?" ಎಂದು ಕೇಳಿದರು. "ನಿಮ್ದು ಬರೀ ಜಿಪುಣತನ" ಅಂದೆ.

ಹಾಗೆ ಅಂದವಳು ನಾನೇ.

ಕೊನೆಗೆ ಇವರು ಒಪ್ಪಿ, ತಿರುಮಲೇಶ ಎಂಬ ಹೊಸಬನಿಗೆ ಒಂದು ವರ್ಷ ಕೂತು ಕಲಿಸಿದರು. ಮುಖ್ಯಸ್ಥರು ಹಾರ ಹಾಕಿದರು. ಮುಂದಿನ ತಿಂಗಳೇ, ಆ ಕೆಲಸಕ್ಕೆ ಒಬ್ಬರು ಸಾಕೆಂದು ಇವರಿಗೆ ಕಾಗದ ಬಂತು. ಆಮೇಲೆ ಜಗಲಿಯಲ್ಲಿ ಕೂತು ಕೂತೇ ತೀರಿಹೋದರು.

ಇವತ್ತು ಮುಖ್ಯಸ್ಥರು ವಡೆ ಮುರಿಯುತ್ತಾ, "ಎಂಥಾ ಧಾರಾಳಿ ನಮ್ಮ ಚಕ್ರಪಾಣಿ! ಲ್ಯಾಬಲ್ಲಿ ಫೋಟೋ ಹಾಕಿಸ್ತೀವಿ" ಎಂದರು. ತಿರುಮಲೇಶನ ಅಂಗೈಗೆ ಬಟ್ಟೆ ಸುತ್ತಿತ್ತು. ಅಡುಗೆಮನೆ ಬಾಗಿಲಿಗೆ ಬಂದು, "ಅಮ್ಮಾ, ನನ್ನ ಬೆಸುಗೆ ಎರಡು ದಿನ ನಿಲ್ಲತ್ತೆ. ಆಮೇಲೆ ಕಾಯಿಸಿದ್ರೆ ಸಿಡಿಯತ್ತೆ. ಸಾರ್ ಏನಾದ್ರೂ ಹೇಳಿದ್ರಾ?" ಎಂದು ಕೇಳಿದ. "ಇಲ್ಲಪ್ಪಾ, ಎಲ್ಲಾ ನಿಂಗೇ ಹೇಳ್ಬಿಟ್ರಲ್ಲ" ಅಂದೆ.

ನೀನು ಆರೋಗ್ಯ ನೋಡಿಕೋ.

ನಿನ್ನ ಅಕ್ಕ,
ಚೂಡಾಮಣಿ

ಇದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಓದಿ ಹರಿದುಬಿಡು. ನಿನ್ನ ಭಾವ ಹೇಳಿದ್ದರು. ಹೋಗುವ ಹಿಂದಿನ ದಿನ. ಲ್ಯಾಬಿನ ಹಳೆಯ ಪೆಟ್ಟಿಗೆಯಲ್ಲಿ ಎರಡು ಜಾತಿಯ ಗಾಜಿನ ಕೊಳವೆಗಳು ಬೆರೆತುಹೋಗಿವೆ. ನೋಡಲು ಒಂದೇ ಥರ. ತುದಿಯನ್ನು ಬೆಳಕಿಗೆ ಹಿಡಿದರೆ ಒಂದು ತೆಳು ಹಸಿರು, ಇನ್ನೊಂದು ಬಿಳುಪು. ಅವೆರಡನ್ನು ಸೇರಿಸಿ ಬೆಸೆಯಬಾರದು. "ಸಿಟ್ಟಲ್ಲಿ ಇದೊಂದು ಹೇಳ್ಲಿಲ್ಲ. ಅವನ ಕಣ್ಣು ಹೋದೀತು, ಬೇಗ ಹೇಳಿಕಳಿಸು" ಅಂದರು.

ಮೂರು ತಿಂಗಳಾಯಿತು. ನಾಳೆಯ ಪಾಠ ತಿರುಮಲೇಶನದು, ಗಾಜಿನ ಬೆಸುಗೆ. ಮುಖ್ಯಸ್ಥರು ಪಕ್ಕದಲ್ಲೇ ನಿಂತು ನೋಡುತ್ತಾರಂತೆ.