ಓವರ್‌ಲೇ ಸರಿಹೋಯಿತು

ಮಾರ್ಚ್ ೧೪, ಗುರುವಾರ

ಅಣ್ಣನ ಕಂಪ್ಯೂಟರಿನಲ್ಲಿ ಆಟದ ನಡುವೆ ಪರದೆಯ ಮೇಲೆ ಬರುವ ಓವರ್‌ಲೇ ಕಿಟಕಿ ತೆರೆಯುತ್ತಿರಲಿಲ್ಲ. ಯಾರು ಆಡುತ್ತಿದ್ದಾರೆಂದು ಕಾಣುವುದು, ಆಟಕ್ಕೆ ಕರೆಯುವ ಗೆಳೆಯರ ಇನ್ವೈಟ್ ಬರುವುದು ಅದರಲ್ಲೇ. "ಕಳಿಸ್ತಾನೇ ಇದೀವಿ, ನಿಂಗೇ ಕಾಣ್ತಿಲ್ಲ" ಎಂದಿದ್ದರಂತೆ. ಕೆಡಿಸಿದ್ದು ನಾನೇ ಎಂದು ವಾರವಿಡೀ ನನ್ನ ಜೀವ ತಿಂದ. ಇವತ್ತು ನಾನೇ ಕೂತೆ. ಸೆಟ್ಟಿಂಗ್ಸ್‌ನಲ್ಲಿ ಒಂದು ಟಿಕ್ ಹೋಗಿತ್ತು, ಹಾಕಿದೆ. ತೆರೆಯಿತು.

ಅವನ ನಾಲ್ವರು ಗೆಳೆಯರೂ ಒಟ್ಟಿಗೆ ಆಡುತ್ತಿದ್ದರು. ಇವನಿಗೆ ಒಂದು ಇನ್ವೈಟೂ ಇರಲಿಲ್ಲ, ಹಳೆಯದೂ ಇಲ್ಲ.

"ಇನ್ನೂ ಸರಿಯಾಗಿಲ್ಲ ಅನ್ಸುತ್ತೆ ಕಣೇ."

ಹೌದು ಎಂದುಬಿಡಬಹುದಿತ್ತು. "ಸರಿಯಾಗೇ ಇದೆ ಅಣ್ಣ. ನಿನ್ನ ಯಾರೂ ಕರೆದಿಲ್ಲ" ಎಂದೆ.

"ಆ ಟಿಕ್ ತೆಗೆದುಬಿಡು" ಎಂದ.

"ನೀನೇ ತೆಗ್ಕೋ" ಎಂದು ಎದ್ದು ಬಂದೆ. ಅದು ಎಲ್ಲಿದೆಯೆಂದು ಅವನಿಗೆ ಗೊತ್ತಿಲ್ಲ. ಗೋಡೆಯಾಚೆ ಇನ್ನೂ ಹುಡುಕುತ್ತಿದ್ದಾನೆ, ಮೌಸಿನ ಸದ್ದು ಕೇಳುತ್ತಿದೆ. ಹುಡುಕಲಿ. ನನಗೆ ನಿದ್ದೆ ಬರುತ್ತಿದೆ.