ರಿಪೋರ್ಟಿನಲ್ಲಿ ಸೊನ್ನೆ

ಡಿಸೆಂಬರ್ 11, ಬೆಳಿಗ್ಗೆ
ಊರಿನ ನಕಲಿ ಡಾಕ್ಟರರ ಮೇಲೆ ನಾನು ಬರೆದ ಹದಿನೇಳನೆಯ ಪತ್ರ ಪೇಪರಿನಲ್ಲಿ ಬಂದಿದೆ. ಅರ್ಧ ಕತ್ತರಿಸಿದ್ದಾರೆ. ಮೊದಲನೆಯದು 1998ರಲ್ಲಿ. ಅಂದು ಒಬ್ಬನಿದ್ದ, ಇಂದು ನಾಲ್ವರು. ಜನಕ್ಕೆ ಸೂಜಿ ಚುಚ್ಚಿದವನೇ ಧನ್ವಂತರಿ.
ಹೆಂಡತಿ ಗುರುಶಾಂತಮ್ಮನಿಗೆ ಮತ್ತೆ ದಮ್ಮು. ನಲವತ್ತು ವರ್ಷ ತೊಗರಿ ಕಟ್ಟಿಗೆಯ ಒಲೆ ಊದಿದ ಶ್ವಾಸಕೋಶ. ನೆರೆಯವರು ದೃಷ್ಟಿ ತೆಗೆಯಲು ಬಂದರು. ಓಡಿಸಿದೆ.

ಡಿಸೆಂಬರ್ 12, ಬೆಳಿಗ್ಗೆ 7
ಗುರುಶಾಂತಮ್ಮನಿಗೆ ಉಸಿರಾಡಲು ಆಗುತ್ತಿಲ್ಲ. ಆಳಂದದ ಆಸ್ಪತ್ರೆಗೆ ಗಾಡಿ ಸಿಗಲು ಎರಡು ತಾಸು. ಕಲ್ಯಾಣಕುಮಾರ ಬಂದ — ಆ ನಾಲ್ವರಲ್ಲಿ ಒಬ್ಬ.
"ಕಾಕಾ, ಒಂದ್ ಸೂಜಿ ಮಾಡ್ತೇನ್ರಿ. ಆಳಂದ ಮುಟ್ಟೂತನಾ ತಡೀತದ."
"ಎಂಥಾ ಸೂಜಿ?"
"ಡೆಕ್ಸಾ ರೀ. ಸ್ಟಿರಾಯ್ಡ್. ನಿಮ್ಮ ಪತ್ರಾ ಓದೇನ್ರಿ. ಭಾಳ ಛಂದ ಬರ್ದೀರಿ."
ನಾಚಿಕೆಗೆಟ್ಟವನು. ಬಾಗಿಲು ಹಾಕಿ ಮಾಡಿಸಿದೆ.

ಡಿಸೆಂಬರ್ 12, ಸಂಜೆ, ಆಸ್ಪತ್ರೆ
ಡಾಕ್ಟರ್ ವಿದ್ಯಾವತಿ. ಚಿಕ್ಕ ವಯಸ್ಸು, ಆದರೆ ಓದಿದವಳು. ಬಂದ ಕೂಡಲೇ ಕೇಳಿದಳು: "ಊರಾಗ ಯಾರ ಕಡೆನರ ಸೂಜಿ ಮಾಡ್ಸೀರೇನ್ರಿ ಅಜ್ಜಾರ?"
"ಛೇ, ನಾವು ಅಂಥವರಲ್ರಿ."
ಗುರುಶಾಂತಮ್ಮ ನನ್ನ ಮುಖ ನೋಡಿದಳು.
ರಕ್ತದ ರಿಪೋರ್ಟು ಮಧ್ಯಾಹ್ನ ಬಂತು. ಉರಿಯೂತ ತೋರಿಸುವ ಸಿಆರ್‌ಪಿ ಎಂಟು — ಕಡಿಮೆ. ಆಂಟಿಬಯಾಟಿಕ್ ಬೇಡ. ಇಸಿನೋಫಿಲ್ ಎಂಬ ಬಿಳಿ ರಕ್ತಕಣ ಸೊನ್ನೆ — ಅಂಥವರಿಗೆ ಸ್ಟಿರಾಯ್ಡ್‌ನಿಂದ ಲಾಭ ಕಡಿಮೆ. ಶುಗರ್ ಬೇರೆ ಇದೆ, ಸ್ಟಿರಾಯ್ಡ್ ಅದನ್ನು ಏರಿಸುತ್ತದೆ; ಅದೂ ಬೇಡ ಎಂದಳು. ಆಕ್ಸಿಜನ್, ನೆಬುಲೈಸರ್‌ನ ಔಷಧದ ಹೊಗೆ ಅಷ್ಟೇ.
ಪಕ್ಕದ ಹಾಸಿಗೆಯವಳ ಗಂಡ ಉಸ್ಮಾನಸಾಬನಿಗೆ ಮರುಕ. "ನಮ್ಮಾಕಿಗಿ ಎರಡು ಬಾಟ್ಲಿ ಹಚ್ಯಾರ್ರಿ. ನಿಮ್ಮವ್ರಿಗಿ ಬರೇ ಹೊಗಿ!" ಬಾಟಲಿ ಎಣಿಸಿ ವೈದ್ಯ ಅಳೆಯುವ ಜನ.

ಡಿಸೆಂಬರ್ 14, ಬೆಳಿಗ್ಗೆ
ನಿನ್ನೆ ಬರೆಯಲಿಲ್ಲ. ಫೋನಿನಲ್ಲಿ ಓದುತ್ತಿದ್ದೆ. ಸ್ಟಿರಾಯ್ಡ್ ಕೊಟ್ಟ ಕೆಲವೇ ತಾಸಿನಲ್ಲಿ ಇಸಿನೋಫಿಲ್ ರಕ್ತದಿಂದ ಮಾಯವಾಗುತ್ತದೆ. ಆ ಸೊನ್ನೆ ಹೆಂಡತಿಯ ಕಾಯಿಲೆಯದಲ್ಲ, ಸೂಜಿಯದು. ಅವಳಿಗೆ ಸ್ಟಿರಾಯ್ಡೇ ಬೇಕಿತ್ತೇನೋ. ಡಾಕ್ಟರ್ ಓದಿದ್ದು ಸರಿ. ಓದಲು ನಾನು ಕೊಟ್ಟದ್ದು ಸುಳ್ಳು. ಈಗ ಸೂಜಿಯ ಬಲ ಇಳಿದಿದೆ... ಎರಡು ಮಾತಿಗೊಮ್ಮೆ ಅವಳ ಉಸಿರು ನಿಲ್ಲುತ್ತದೆ.
"ಹೇಳ್ರಿ... ಆ ಡಾಕ್ಟರಗ."
"ಪೇಪರಿನಾಗ ನನ್ನ ಹೆಸರು ಬಂದದ. ಅಕಿ ಓದಿರ್ತಾಳ."
"ನಿಮ್ಮ ಪತ್ರಾ... ಯಾರು ಓದ್ತಾರ್ರಿ."

ಅದೇ ದಿನ, 11 ಗಂಟೆ
ಡಾಕ್ಟರ್ ರೌಂಡ್ಸಿಗೆ ಬಂದಳು. ಹೋದಳು. ಹೇಳಲಿಲ್ಲ. ಕಲ್ಯಾಣಕುಮಾರ ಕೇಳಿದ ಕೂಡಲೇ ಔಷಧದ ಹೆಸರಾದರೂ ಹೇಳಿದ. ನಾನು ಅವನಿಗಿಂತ ಕಡೆ.

ಅದೇ ದಿನ, 2.40
ಅವಳ ತುಟಿ ನೀಲಿಯಾಯಿತು. ಓಡಿದೆ. ಡಾಕ್ಟರ್ ಊಟಕ್ಕೆ ಕುಳಿತಿದ್ದಳು. ಸಿಬ್ಬಂದಿ ಎಲ್ಲರೆದುರು ಹೇಳಿದೆ — ಡೆಕ್ಸಾ, ಹನ್ನೆರಡನೇ ತಾರೀಖು ಬೆಳಿಗ್ಗೆ, ಮಾಡಿಸಿದವನು ನಾನೇ.
"ಕೇಳಿದ್ದೆನಲ್ರಿ ನಿಮಗ!" ಎಂಜಲುಗೈಯಲ್ಲೇ ಎದ್ದಳು. "ಎಷ್ಟು ಎಂಜಿ? ಸೂಜಿ ಮಾಡಿದವ್ರಿಗಿ ಫೋನ್ ಹಚ್ರಿ."
ನಂಬರಿತ್ತು. 'ಕಳ್ಳ' ಎಂದು ಸೇವ್ ಮಾಡಿದ್ದೆ. ಒಂದೇ ರಿಂಗಿಗೆ ಎತ್ತಿದ. "ಎಂಟು ಎಂಜಿ ರೀ ಕಾಕಾ. ಕಾಕು ಹೆಂಗಿದ್ದಾರ? ನಾ ಬರ್ಲೇನ್ರಿ?"
ಬಾ ಎಂದೆ.
ಪರದೆಯ ಒಳಗೆ ಸ್ಟಿರಾಯ್ಡ್ ಕೊಡುತ್ತಿದ್ದಾರೆ. ನನ್ನನ್ನು ಹೊರಗೆ ನಿಲ್ಲಿಸಿದ್ದಾರೆ. ಪರದೆ ಸರಿಯಿತು. ಸಿಸ್ಟರ್ ನನ್ನ ಕಡೆಗೇ ಬರುತ್ತಿದ್ದಾಳೆ, ಮುಖ ನೋಡಿದರೆ ಏನೂ ತಿಳಿಯುತ್ತಿಲ್ಲ. ಪೆನ್ನು ಇಡುತ್ತೇನೆ.