ಪಾತ್ರೆ ತೊಳೆಯುವ ಕೋಣೆಯ ಪಕ್ಕ

ಮಾರ್ಚ್ ೧೪, ಸಂಜೆ ಆರು ಗಂಟೆ
ಆಟಿಸಂ ಸಂಶೋಧನಾ ಸಮ್ಮೇಳನದ ಎರಡನೆಯ ದಿನ

ಅಣ್ಣಾ,

ನಿನಗೆ ಫೋನು ಆಗಿಬರುವುದಿಲ್ಲ, ಅದಕ್ಕೇ ಈ ಪತ್ರ.

ಇಲ್ಲಿ ವಿಶೇಷ ಆಸಕ್ತಿ ಗುಂಪುಗಳ ಸಭೆಗಳಿಗೆ ಕೋಣೆ ಹಂಚುವುದು ನನ್ನ ಕೆಲಸ. ನಿನ್ನಂತೆ ಆಟಿಸಂ ಇರುವವರಿಗೆ ಸದ್ದಿನಿಂದಾಗುವ ಸಂಕಟವನ್ನು ಚರ್ಚಿಸುವ ಗುಂಪಿಗೆ, ಕುರ್ಚಿಗಳು ಸಾಲುತ್ತವೆಯೇ ಎಂದಷ್ಟೇ ನೋಡಿ, ಪಾತ್ರೆ ತೊಳೆಯುವ ಕೋಣೆಯ ಪಕ್ಕದ ಕೋಣೆಯನ್ನು ಕೊಟ್ಟೆ. ನಿನ್ನನ್ನು ಕರೆದವಳೂ ನಾನೇ. ಇಂದು ನೀನು ಪಾತ್ರೆಗಳ ಸದ್ದಿಗೆ ಕಿವಿ ಮುಚ್ಚಿಕೊಂಡು ಬಾಗಿಲಲ್ಲೇ ನಿಂತೆ. “ಸದ್ದಿನ ಬಗ್ಗೆ ಮಾತಾಡೋಕೆ ಇಷ್ಟು ಸದ್ದು ಬೇಕಾ ತಾಯಿ?” ಎಂದು ನನ್ನನ್ನು ಕೇಳಿದೆ. ನನಗೆ ನಗು ಬಂತು.

ಆಗಲೇ ಗುಂಪಿನ ಮುಖ್ಯಸ್ಥರು, “ಯಾರಮ್ಮ ಅವ್ರು? ದಾರಿ ತಪ್ಪಿ ಬಂದ್ರಾ?” ಎಂದು ಕೇಳಿದರು. ನಾನು “ಇರಬೇಕು ಸಾರ್” ಎಂದುಬಿಟ್ಟೆ. ಕಿವಿ ಮುಚ್ಚಿದ್ದರೂ ನಿನಗೆ ಎಲ್ಲವೂ ಕೇಳಿಸುತ್ತದೆಂದು ಗೊತ್ತಿದ್ದೂ ಹಾಗೆಂದೆ. ನೀನು ಹೊರಟುಹೋದೆ.

ನಾಳೆ ಹತ್ತಕ್ಕೆ ಆ ಗುಂಪು ಮತ್ತೆ ಸೇರುತ್ತದೆ. ಮೂರನೆಯ ಮಹಡಿಯ ಮೂಲೆಯ ಕೋಣೆ ಹಿಡಿದಿಟ್ಟಿದ್ದೇನೆ. ಅಲ್ಲಿಯ ದೀಪಗಳು ಗುಂಯ್‌ಗುಡುವುದಿಲ್ಲ ಎಂದುಕೊಂಡಿದ್ದೇನೆ, ಆದರೆ ನನ್ನ ಕಿವಿಯನ್ನು ನಂಬಬೇಡ. ಒಂಬತ್ತಕ್ಕೆ ಬಂದು ನೀನೇ ಪರೀಕ್ಷಿಸು. ಬೇಡವೆಂದರೆ ಬದಲಿಸುತ್ತೇನೆ.

ನೀನು ಬಂದರೂ ಬಾರದಿದ್ದರೂ, ಚರ್ಚೆ ಶುರುವಾಗುವ ಮೊದಲು ಎದ್ದು ನಿಂತು, ಇಂದು ಬಾಗಿಲಲ್ಲಿ ನಿಂತಿದ್ದವನು ನನ್ನ ಅಣ್ಣ ಎಂದು ಎಲ್ಲರಿಗೂ ಹೇಳುವುದೆಂದು ನಿರ್ಧರಿಸಿದ್ದೇನೆ.

ನಿನ್ನ ತಂಗಿ